ಹುಬ್ಬಳ್ಳಿ–ದೆಹಲಿ: ನಕ್ಷೆಯ ಲೆಕ್ಕಕ್ಕೂ ಟಿಕೆಟ್ಟಿನ ಸಮಯಕ್ಕೂ ಏಕೆ ವ್ಯತ್ಯಾಸ?

ಹುಬ್ಬಳ್ಳಿಯಿಂದ ದೆಹಲಿಗೆ ನೇರ ಅಂತರ ಸುಮಾರು 1,500 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ.ಗೂ ಹೆಚ್ಚು. ಹಾಗಾದರೆ ಎರಡು ಗಂಟೆಯೊಳಗೆ ತಲುಪಬೇಕಲ್ಲವೇ? ಇಲ್ಲ. ಟಿಕೆಟ್ಟಿನಲ್ಲಿ ಎರಡೂವರೆ ಗಂಟೆಗೂ ಹೆಚ್ಚು ಸಮಯ ಇರುತ್ತದೆ.

ವಿಮಾನ ನಿಂತ ಜಾಗದಿಂದ ಹೊರಟ ಕ್ಷಣದಿಂದ, ದೆಹಲಿಯಲ್ಲಿ ಮತ್ತೆ ನಿಲ್ಲುವವರೆಗಿನ ಅವಧಿಯೇ ಪ್ರಯಾಣದ ಸಮಯ. ರನ್‌ವೇವರೆಗಿನ ಓಡಾಟ, ಮೇಲೇರುವುದು, ವೇಗ ತಗ್ಗಿಸಿ ಇಳಿಯುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಇದರಲ್ಲಿ ಸೇರಿವೆ. ಪೂರ್ಣ ವೇಗ ಸಿಗುವುದು ನಡುವಿನ ಹಾರಾಟದಲ್ಲಿ ಮಾತ್ರ. ವಾಯುಮಾರ್ಗವೂ ಗೆರೆ ಎಳೆದಷ್ಟು ನೇರವಲ್ಲ; ಎದುರುಗಾಳಿ ಬೀಸಿದರೆ ಇನ್ನಷ್ಟು ತಡ.

ಏಮ್ಸ್‌ಗೆ ರೋಗಿಯನ್ನು ಕರೆದೊಯ್ಯುವವರು, ದೆಹಲಿಯಲ್ಲಿ ಮುಂದಿನ ವಿಮಾನ ಹಿಡಿಯಬೇಕಾದವರು ನಕ್ಷೆಯ ಲೆಕ್ಕ ನಂಬಬೇಡಿ. ಟಿಕೆಟ್ಟಿನ ಸಮಯ ನೋಡಿ, ಅದರ ಮೇಲೂ ಒಂದಿಷ್ಟು ಬಿಡುವು ಇಟ್ಟುಕೊಳ್ಳಿ.