ಯುದ್ಧದ ವರ್ಷ ನಿಂತುಹೋದ ಒಂದು ಪೈಸೆ ಪತ್ರಿಕೆ



ದಲಿತ ಪತ್ರಿಕೆಗಳ ಚರಿತ್ರೆ ಅಂದ್ರೆ ನಮ್ಮ ಸಭೆಗಳಲ್ಲಿ 1920ರ ‘ಮೂಕನಾಯಕ’, ಅಲ್ಲಿಂದ ಒಂದೇ ನೆಗೆತಕ್ಕೆ 1970ರ ದಶಕದ ‘ಪಂಚಮ’. ಅದಕ್ಕೂ ಹಿಂದೆ ಏನೂ ಇರ್ಲಿಲ್ವಾ? ಇತ್ತು. ತಮಿಳಲ್ಲಿತ್ತು ಅಂತ ನಾವು ಲೆಕ್ಕಕ್ಕೆ ಹಿಡೀಲಿಲ್ಲ, ಅಷ್ಟೆ.

1907ರ ಜೂನ್ 19ರಂದು ಮದ್ರಾಸಿನ ರಾಯಪೇಟೆಯಿಂದ ಪಂಡಿತ ಅಯೋತಿ ದಾಸರು ‘ಒರು ಪೈಸಾ ತಮಿಳನ್’ ಅನ್ನೋ ವಾರಪತ್ರಿಕೆ ಶುರುಮಾಡಿದ್ರು. ಬೆಲೆ ಹೆಸರಲ್ಲೇ ಇದೆ. ಮರುವರ್ಷ ಬರೀ ‘ತಮಿಳನ್’ ಆಯ್ತು. ದಾಸರು ಸಿದ್ಧ ವೈದ್ಯರು, ಬೌದ್ಧರು. ನಮ್ಮ ಜನ ಮೂಲದಲ್ಲಿ ಬೌದ್ಧರು, ಜಾತಿ ಆಮೇಲೆ ಹೇರಿದ್ದು ಅನ್ನೋದು ಅವರ ವಾದ. ಅದನ್ನ ವಾರವಾರ ಬರೆದ್ರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಳ್ಳೋದಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನ ಮುಂಚೆ!

ಓದಿದ್ದು ಯಾರು? ಬರ್ಮಾ, ದಕ್ಷಿಣ ಆಫ್ರಿಕಾಕ್ಕೆ ದುಡಿಯೋಕೆ ಹೋದವರು, ಮತ್ತೆ ನಮ್ಮ ಕೋಲಾರದ ಚಿನ್ನದ ಗಣಿಯವರು. ಉತ್ತರ ಆರ್ಕಾಟಿನ ಕಡೆಯಿಂದ ಬಂದು ಗಣಿಯ ಹೊಟ್ಟೆಗಿಳಿದ ಜನ ಮಾರಿಕುಪ್ಪಂನಲ್ಲಿ ಬೌದ್ಧ ಸಂಘವನ್ನೂ ಕಟ್ಟಿದ್ರು.

1914ರ ಮೇ 5ಕ್ಕೆ ದಾಸರು ತೀರಿಕೊಂಡ್ರು. ಮೂರು ತಿಂಗಳಿಗೆ ಮಹಾಯುದ್ಧ. ಮಗ ಪಟ್ಟಾಭಿರಾಮನ್ ಹೇಗೋ ಎಳೆದ್ರು, 1915ರಲ್ಲಿ ನಿಂತೇಹೋಯ್ತು. ಯುದ್ಧಕಾಲದ ‘ತಮಿಳನ್’ ಆಯಸ್ಸು ಒಂದು ವರ್ಷದ ಆಸುಪಾಸು. ದೊರೆಗಳ ಹಣದ ಪತ್ರಿಕೆ ಅಲ್ಲ ಅದು, ಬಡವರ ಚಂದಾ ನಂಬಿಕೊಂಡಿದ್ದು.

ಮತ್ತೆ ಎಬ್ಬಿಸಿದ್ದು ಮದ್ರಾಸ್ ಅಲ್ಲ, ಕೆಜಿಎಫ್! 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ‘ತಮಿಳನ್’ ಇಲ್ಲಿಂದಲೇ ಹೊರಟಿತು, 30ರ ದಶಕಕ್ಕೂ ದಾಟಿತು. ಮೈಸೂರು ಸಂಸ್ಥಾನದ ನೆಲದಲ್ಲಿ. ಇದು ಕರ್ನಾಟಕದ ದಲಿತ ಚರಿತ್ರೆ ಅಲ್ದೆ ಇನ್ನೇನು? ಚಿನ್ನ ಬೇಕಿದ್ದಾಗ ಅದು ಮೈಸೂರಿನ ಚಿನ್ನ; ಅದನ್ನ ಅಗೆದವರು ಮಾತ್ರ ಇವತ್ತಿಗೂ ‘ತಮಿಳರು’. ಭಾಷಾಭಿಮಾನದವರು ಹಾಗಂದ್ರೆ ನನಗೆ ಆಶ್ಚರ್ಯ ಇಲ್ಲ. ನಮ್ಮ ಸಂಘಟನೆಗಳ ಪುಸ್ತಕಗಳಲ್ಲೂ ಅವರು ಅಡಿಟಿಪ್ಪಣಿ ಆದ್ರೆ ಹೇಗೆ?

1999ರಲ್ಲಿ ಜಿ. ಅಲೋಷಿಯಸ್ ಅವರು ದಾಸರ ಬರಹಗಳನ್ನ ಸಂಪುಟಗಳಾಗಿ ತಂದಮೇಲೆ ತಮಿಳರಲ್ಲೇ ಎಷ್ಟೋ ಜನ ಅವರನ್ನ ಮೊದಲ ಸಲ ಓದಿದ್ರು. ಕೆಜಿಎಫ್ ಕಾಲದ ಸಂಚಿಕೆಗಳನ್ನ ಹುಡುಕೋ ಕೆಲಸ ನಮ್ಮದು. 2001ರಲ್ಲಿ ಗಣಿ ಮುಚ್ಚಿತು, ಮನೆಗಳು ಖಾಲಿಯಾಗ್ತಿವೆ. ಅಲ್ಲಿನ ಅಣ್ಣಂದಿರೇ, ಅಕ್ಕಂದಿರೇ, ಅಜ್ಜನ ಟ್ರಂಕಿನಲ್ಲಿ ಹಳೇ ತಮಿಳು ಪತ್ರಿಕೆ ಸಿಕ್ರೆ ಗುಜರಿಗೆ ಹಾಕ್ಬೇಡಿ. ಫೋಟೋ ತೆಗೆದು ಇನ್‌ಬಾಕ್ಸ್‌ಗೆ ಕಳಿಸಿ, ತಮಿಳು ಓದೋ ಗೆಳೆಯರು ನಮ್ಮ ಜೊತೆ ಇದ್ದಾರೆ.