ಹೆಂಗಸರಿಗೆ ಯಾವ ಕಾರು?

"ಮೇಡಂ, ನಿಮಗೆ ಮೈಲೇಜ್ ಎಷ್ಟು ಬೇಕು? ಸಾರ್, ನಿಮಗೆ ಪಿಕಪ್ ಹೇಗಿರಬೇಕು?"

ಕಾರಿನ ಅಂಗಡಿಯ ಹುಡುಗ ಒಂದೇ ಉಸಿರಿಗೆ ಈ ಎರಡು ಪ್ರಶ್ನೆ ಕೇಳಿದ. ಮೊದಲನೆಯದು ನನಗೆ, ಎರಡನೆಯದು ನಮ್ಮ ಯಜಮಾನರಿಗೆ. ಪಾಪ, ನಮ್ಮವರಿಗೆ ಕಾರು ಓಡಿಸಲು ಬರುವುದೇ ಇಲ್ಲ. ಮೂವತ್ತು ವರ್ಷದಿಂದ ಸ್ಕೂಟರ್ ಒಂದನ್ನೇ ನೆಚ್ಚಿಕೊಂಡವರು. ಅವರು ನನ್ನ ಮುಖ ನೋಡಿದರು, ನಾನು ಹುಡುಗನ ಮುಖ ನೋಡಿದೆ. "ಪಿಕಪ್ ನನಗೆ ಬೇಕಪ್ಪ, ಮೈಲೇಜೂ ನನಗೇ ಬೇಕು. ಅವರಿಗೆ ಕೂರಲು ಜಾಗ ಇದ್ದರೆ ಸಾಕು" ಎಂದೆ. ಹುಡುಗ ನಕ್ಕ. ಆಮೇಲೆ ಬಣ್ಣದ ಪಟ್ಟಿ ತೆಗೆದು ನನ್ನ ಮುಂದಿಟ್ಟ. ಹೆಂಗಸು ಕಾರು ಕೊಳ್ಳಲು ಬಂದರೆ ಬಣ್ಣದಿಂದ ಶುರು ಮಾಡಬೇಕೆಂದು ಇವರಿಗೆ ಯಾರು ಪಾಠ ಹೇಳಿಕೊಡುತ್ತಾರೋ ನಾನರಿಯೆ.

ನನ್ನ ಲೆಕ್ಕ ಹೀಗಿತ್ತು. ಮನೆಯಿಂದ ಶಾಲೆಗೆ 27 ಕಿಲೋಮೀಟರು. ಹೋಗಿ ಬರಲು 54. ವರ್ಷಕ್ಕೆ 220 ಕೆಲಸದ ದಿನ ಎಂದರೆ ಹತ್ತಿರಹತ್ತಿರ ಹನ್ನೆರಡು ಸಾವಿರ ಕಿಲೋಮೀಟರು. ಲೀಟರಿಗೆ 18 ಕೊಡುವ ಕಾರಾದರೆ ಸುಮಾರು 667 ಲೀಟರ್, 12 ಕೊಡುವ ದೊಡ್ಡ ಗಾಡಿಯಾದರೆ ಸಾವಿರ ಲೀಟರ್. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ವರ್ಷಕ್ಕೆ ಮೂವತ್ತಮೂರು ಸಾವಿರದ ವ್ಯತ್ಯಾಸ. ಅದು ಒಂದು ಮಗುವಿನ ಕಾಲೇಜು ಹಾಸ್ಟೆಲಿನ ಹಣ. ಮೈಲೇಜ್ ಕೇಳುವವಳು ಜಿಪುಣಿಯಲ್ಲ, ಲೆಕ್ಕ ಗೊತ್ತಿರುವವಳು.

ಇಷ್ಟರವರೆಗೆ ಹುಡುಗ ತಲೆದೂಗಿದ. "ಇದರ ಜೊತೆಗೆ ವರ್ಷಕ್ಕೆರಡು ಸಲ ಆಟೋಕ್ರಾಸ್‌ಗೂ ಒಯ್ಯಬೇಕು" ಎಂದಾಗ ಮಾತ್ರ ಅವನ ಪೆನ್ನು ನಿಂತಿತು. "ಮಗನಿಗಾ ಮೇಡಂ?" ಎಂದ.

ಆಟೋಕ್ರಾಸ್ ಎಂದರೇನೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಮಲೆನಾಡಿನ ಕಡೆ, ಕೊಡಗಿನ ಕಡೆ ಇರುವವರಿಗೆ ಹೇಳಬೇಕಾಗಿಲ್ಲ. ಒಂದು ಬಯಲು, ಇಲ್ಲವೇ ಕೊಯ್ಲು ಮುಗಿದ ಗದ್ದೆ. ಅದರಲ್ಲಿ ಕಂಬ ನೆಟ್ಟು, ಪಟ್ಟಿ ಕಟ್ಟಿ, ಹಾವು ಹರಿದಂತೆ ಒಂದು ದಾರಿ. ಕಾರುಗಳು ಒಂದೊಂದಾಗಿ ಹೊರಡುತ್ತವೆ. ಎದುರಾಳಿ ಗಡಿಯಾರ. ಕಂಬಕ್ಕೆ ತಾಗಿದರೆ ದಂಡವಾಗಿ ಸೆಕೆಂಡು ಸೇರಿಸುತ್ತಾರೆ, ದಾರಿ ತಪ್ಪಿದರೆ ಆಟ ಮುಗಿಯಿತು. ತಲೆಗೆ ಹೆಲ್ಮೆಟ್, ಎದೆಗೆ ಬೆಲ್ಟ್. ಓಟದ ಬಹುಭಾಗ ಎರಡನೇ ಗೇರಿನಲ್ಲೇ ಮುಗಿಯುತ್ತದೆ. ಪೇಟೆಯ ಹುಡುಗರು ಬೈಪಾಸಿನಲ್ಲಿ ಹೋಗುವ ವೇಗದ ಅರ್ಧವೂ ಇರುವುದಿಲ್ಲ. ಆದರೆ ಮಣ್ಣು ಜಾರುತ್ತದೆ, ತಿರುವು ಕಾಯುವುದಿಲ್ಲ, ಮೂಗಿನ ತುಂಬ ಧೂಳು.

ನನ್ನನ್ನು ಮೊದಲು ಕರೆದುಕೊಂಡು ಹೋದವನು ಅಕ್ಕನ ಮಗ. ಬುತ್ತಿ ಕಟ್ಟಿಕೊಂಡು ನೋಡಲು ಹೋದವಳು ನಾನು. ಮಹಿಳಾ ವಿಭಾಗಕ್ಕೆ ಜನ ಸಾಲದೆಂದು ಅವನೇ ನನ್ನ ಹೆಸರು ಕೊಟ್ಟುಬಿಟ್ಟ. ಚೀಟಿ ಹಿಡಿದು ಸಾಲಿಗೆ ಹೋದರೆ ಅಲ್ಲಿದ್ದ ಹಿರಿಯರೊಬ್ಬರು, "ಅಮ್ಮ, ನೋಡುವವರು ಆ ಹಗ್ಗದ ಆಚೆ" ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಿಜವಾಗಿ ಕಾಳಜಿಯೇ ಇತ್ತು. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ಆ ದಿನ ಮೊದಲ ತಿರುವಿನಲ್ಲೇ ಎಂಜಿನ್ ಆಫ್ ಮಾಡಿಕೊಂಡೆ, ಒಂದು ಕಂಬವನ್ನು ಮಲಗಿಸಿದೆ, ಕೊನೆಯವಳಾಗಿ ಬಂದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಕಾರನ್ನು ದೂರಲು ಹೋಗಲಿಲ್ಲ. ಆದರೆ ಮನೆಗೆ ಬರುವಾಗ ನನ್ನದೇ ಕಾರಿನಲ್ಲಿ ಮತ್ತೆ ಬರಬೇಕೆಂದು ತೀರ್ಮಾನಿಸಿದ್ದೆ. ಜಿ.ಪಿ.ಎಫ್. ಹಣ ತೆಗೆದದ್ದು ಆಮೇಲೆ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಮೈಲೇಜು ಹೆಂಗಸರದು, ಚುರುಕು ಗಂಡಸರದು ಎಂದು ಪಾಲು ಮಾಡಿದವರು ಯಾರು? ಎರಡೂ ಒಂದೇ ಗುಣದಿಂದ ಹುಟ್ಟುವ ಅವಳಿ ಮಕ್ಕಳು. ಆ ಗುಣ ಹಗುರ. ಹಗುರವಾದ ಗಾಡಿಯನ್ನು ಎಳೆಯಲು ಕಡಿಮೆ ಪೆಟ್ರೋಲು ಸಾಕು. ಅದೇ ಗಾಡಿ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ತುಂಬಿದ ಕೊಡ ಹೊತ್ತು ಕಾಲುದಾರಿಯಲ್ಲಿ ತಿರುಗುವುದಕ್ಕೂ ಖಾಲಿ ಕೊಡ ಹಿಡಿದು ತಿರುಗುವುದಕ್ಕೂ ಇರುವ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೆ ಚರಿತ್ರೆಯ ಸಾಕ್ಷಿ ಕೊಡುತ್ತೇನೆ. ಸಮಾಜ ಪಾಠ ಹೇಳುವವಳು, ಚಟ ಬಿಡುವುದಿಲ್ಲ. 1956ರಲ್ಲಿ ಸುಯೆಜ್ ಕಾಲುವೆಯ ಗಲಾಟೆಯಾಗಿ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಎಣ್ಣೆ ಕುಡಿಯುವ ಪುಟ್ಟ ಕಾರು ಮಾಡಿ ಎಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ಹೇಳಿದರು. ಎಂಜಿನ್ನನ್ನು ಅಡ್ಡಲಾಗಿ ಇಟ್ಟು, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟು, ಒಳಗೆ ನಾಲ್ಕು ಜನ ಕೂರುವಂತೆ ಅವರು ಮಾಡಿದ ಮಿನಿ 1959ರಲ್ಲಿ ಬಂತು. ಎಂಜಿನ್ ಬರೀ 848 ಸಿ.ಸಿ. ಮಿತವ್ಯಯಕ್ಕೆಂದು ಹುಟ್ಟಿದ ಈ ಗಾಡಿಯ ಕೂಪರ್ ಮಾದರಿ 1962ರಲ್ಲಿ ಹಾಲೆಂಡಿನ ಟ್ಯುಲಿಪ್ ರ‍್ಯಾಲಿ ಗೆದ್ದಿತು. ಓಡಿಸಿದವಳು ಪ್ಯಾಟ್ ಮಾಸ್, ಪಕ್ಕದಲ್ಲಿ ದಾರಿ ಹೇಳುತ್ತಿದ್ದವಳು ಆನ್ ವಿಸ್ಡಮ್. ಪುರುಷರು ಅದೇ ಕಾರಿನಲ್ಲಿ ಮಾಂಟೆ ಕಾರ್ಲೊ ಗೆದ್ದದ್ದು ಆಮೇಲೆ, 1964ರಲ್ಲಿ. ನಮ್ಮ ಮಾರುತಿ 800 ಕೂಡ ಇದೇ ಜಾತಿಯದು. ಅಡ್ಡ ಎಂಜಿನ್, ಮುಂದಿನ ಚಕ್ರದ ಎಳೆತ, 796 ಸಿ.ಸಿ. 1983ರ ಡಿಸೆಂಬರಿನಲ್ಲಿ ಬಂದು 2014ರಲ್ಲಿ ನಿಂತಿತು. ನನ್ನಂಥ ಎಷ್ಟೋ ಜನ ಕ್ಲಚ್ಚು ಬಿಡುವುದನ್ನು ಕಲಿತದ್ದು ಅದರಲ್ಲೇ, ಪಕ್ಕದಲ್ಲಿ ಕೂತ ಮೇಷ್ಟ್ರು ತಮ್ಮದೇ ಬ್ರೇಕು ಒತ್ತುತ್ತಾ ಬೈಯುತ್ತಿರುವಾಗ.

ಆದರೆ ಈಗ ಹೆಂಗಸರಿಗೆಂದು ಆರಿಸುವ ಕಾರುಗಳನ್ನು ನೋಡಿ. ಎತ್ತರದ್ದು, ಭಾರದ್ದು, ಗೇರಿಲ್ಲದ್ದು. "ಅವಳಿಗೆ ಸುಲಭ" ಎನ್ನುತ್ತಾರೆ. ನನ್ನ ಸಹೋದ್ಯೋಗಿ ಒಬ್ಬಳಿಗೆ ಅವಳ ಮನೆಯವರು ಇಂಥದೊಂದನ್ನು ತಂದರು. ಕಂತು ಹೋಗುವುದು ಅವಳ ಸಂಬಳದಿಂದ. ಆರ್.ಸಿ. ಇರುವುದು ಗಂಡನ ಹೆಸರಿನಲ್ಲಿ. ನಮ್ಮ ಬೀದಿಯಲ್ಲಿ ಅದನ್ನು ತಿರುಗಿಸಲು ಅವಳಿಗೆ ಹೆದರಿಕೆ, ಹಾಗಾಗಿ ಅವಳು ಬಸ್ಸಿನಲ್ಲೇ ಬರುತ್ತಾಳೆ. ಭಾನುವಾರ ಎಡಗಡೆ ಸೀಟಿನಲ್ಲಿ ಕೂತು ಮದುವೆಗೆ ಹೋಗುತ್ತಾಳೆ. ಒಂದು ದಿನ ಸ್ಟಾಫ್ ರೂಮಿನಲ್ಲಿ "ಕಾರು ನನ್ನದೇ ಅಲ್ವಾ" ಎಂದು ನಗುತ್ತಾ ಹೇಳಿದಳು, ಹೇಳಿ ಸುಮ್ಮನಾದಳು. ನಾನು ಗೇರಿಲ್ಲದ ಕಾರಿನ ವೈರಿಯಲ್ಲ. ಮಂಡಿ ನೋವಿರುವವರು ಸಂತೋಷವಾಗಿ ಕೊಳ್ಳಲಿ. ಕೊಳ್ಳುವವಳನ್ನು ಕೇಳದೆ, ಅವಳಿಗೆ ಬಾರದು ಎಂದು ಮೊದಲೇ ತೀರ್ಪು ಕೊಟ್ಟು ತರುತ್ತಾರಲ್ಲ, ಅದರ ಮೇಲೆ ನನ್ನ ಸಿಟ್ಟು.

ಹಗುರದ ವಿಷಯದಲ್ಲಿ ನನಗೂ ಅಕ್ಕನ ಮಗನಿಗೂ ದೊಡ್ಡ ವಾದವಾಯಿತು. ಅವನದು ಸ್ವಿಫ್ಟ್ ಪಕ್ಷ. ತಪ್ಪಲ್ಲ. ಒಂಬೈನೂರು ಕಿಲೋ ಆಸುಪಾಸಿನ ತೂಕ, 1197 ಸಿ.ಸಿ. ಎಂಜಿನ್, 2021ರ ಮಾದರಿಗೆ ಪ್ರಯೋಗಶಾಲೆಯ ಮೈಲೇಜು ಲೀಟರಿಗೆ 23.2. ಬಿಡಿಭಾಗ ನಮ್ಮೂರಿನ ಸಣ್ಣ ಗ್ಯಾರೇಜಿನಲ್ಲೂ ಸಿಗುತ್ತದೆ. ಗದ್ದೆಯಲ್ಲಿ ನೋಡಿದರೆ ಹತ್ತರಲ್ಲಿ ಆರು ಅದೇ. ಆದರೆ 2022ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಅದೇ ಪೀಳಿಗೆಯ ಸ್ವಿಫ್ಟನ್ನು ಗೋಡೆಗೆ ಗುದ್ದಿಸಿ ಒಂದೇ ನಕ್ಷತ್ರ ಕೊಟ್ಟಿತು. ಟಾಟಾ ಟಿಯಾಗೊಗೆ 2020ರ ಜನವರಿಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಸಿಕ್ಕಿತ್ತು. "ಚಿಕ್ಕಮ್ಮ, ಟಿಯಾಗೊ ನೂರು ಕಿಲೋ ಜಾಸ್ತಿ, ತಿರುವಿನಲ್ಲಿ ಸೆಕೆಂಡು ಹೋಗುತ್ತೆ" ಎಂದ ಅವನು. ಹೋಗಲಿ. ಗದ್ದೆಯಲ್ಲಿ ಗುದ್ದಲು ಪ್ಲಾಸ್ಟಿಕ್ಕಿನ ಕಂಬ ಮಾತ್ರ ಇರುತ್ತದೆ. ನನ್ನ ಶಾಲೆಯ ದಾರಿಯಲ್ಲಿ ಮರಳಿನ ಲಾರಿ, ದೀಪವಿಲ್ಲದ ಟ್ರಾಕ್ಟರು, ಎದುರಿನಿಂದ ನನ್ನ ಪಕ್ಕಕ್ಕೇ ಬರುವ ಬಸ್ಸು. ವರ್ಷಕ್ಕೆ ಹತ್ತು ನಿಮಿಷದ ಆಟಕ್ಕಾಗಿ 220 ದಿನದ ಜೀವ ಒತ್ತೆ ಇಡುವುದಿಲ್ಲ ಎಂದೆ. 2024ರ ನವೆಂಬರಿನಲ್ಲಿ ಸ್ವಿಫ್ಟಿನ ಕಂಪನಿಯದೇ ಹೊಸ ಡಿಜೈರ್ ಅದೇ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆಯಿತು. ಅಂದರೆ ಮಾಡಲು ಬರುತ್ತಿತ್ತು. ಇಷ್ಟು ವರ್ಷ ನಾವು ಬಣ್ಣ ಕೇಳಿದೆವು, ಬಣ್ಣ ಕೊಟ್ಟರು.

ಕೊನೆಗೆ ನಾನು ತಂದದ್ದು 2021ರ ಟಿಯಾಗೊ, ಮತ್ತೊಬ್ಬರು ಓಡಿಸಿ ಬಿಟ್ಟದ್ದು, ನಾಲ್ಕು ಲಕ್ಷದ ಅರವತ್ತು ಸಾವಿರಕ್ಕೆ. ಹಳೆಯ ಕಾರು ಕೊಳ್ಳುವವರು ವರ್ಷ ನೋಡಬೇಕು. ಚಕ್ರ ಲಾಕ್ ಆಗದಂತೆ ತಡೆಯುವ ಎ.ಬಿ.ಎಸ್. ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ. ಅದಕ್ಕೂ ಹಿಂದಿನ ಅಗ್ಗದ ಮಾದರಿಗಳಲ್ಲಿ ಎಷ್ಟರಲ್ಲೋ ಅದಿಲ್ಲ, ಗಾಳಿಚೀಲವೂ ಇಲ್ಲ. ಒಂದು ಲಕ್ಷ ಕಡಿಮೆಗೆ ಸಿಕ್ಕಿತೆಂದು ಅದನ್ನು ತರಬೇಡಿ. ಆಮೇಲೆ ಕೈಬ್ರೇಕು. ಈಗಿನ ದುಬಾರಿ ಕಾರುಗಳಲ್ಲಿ ಅದು ಒಂದು ಗುಂಡಿಯಾಗಿದೆ. ಗದ್ದೆಯ ಕಿರಿದಾದ ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಒಂದು ಕ್ಷಣ ಹಿಡಿದು ಬಾಲವನ್ನು ತಿರುಗಿಸಬೇಕಾದರೆ ಕೈಯಲ್ಲಿ ಎಳೆಯುವ ಹಳೆಯ ಸನ್ನೆಯೇ ಆಗಬೇಕು. ಇದೊಂದರಲ್ಲಿ ಅಗ್ಗದ ಕಾರೇ ಮೇಲು. ಚಕ್ರ ಹದಿನಾಲ್ಕು ಇಂಚಿನದಾದರೆ ಸಾಕು. ದೊಡ್ಡ ಚಕ್ರ ನೋಡಲು ಚೆಂದ, ಟೈರು ಕೊಳ್ಳುವಾಗ ಕಣ್ಣೀರು. ಸೀಟನ್ನು ಮುಂದಕ್ಕೆ ಎಳೆದುಕೊಂಡಾಗ ಕ್ಲಚ್ಚು ಪೂರ್ತಿ ತುಳಿದರೂ ಮಂಡಿ ಸ್ವಲ್ಪ ಬಾಗಿರಬೇಕು. ನಮ್ಮ ಎತ್ತರಕ್ಕೆ ಇದು ಹೊಂದುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ಕೂತು ನೋಡಿ. ಹುಡುಗ ಗಡಿಬಿಡಿ ಮಾಡಿದರೆ ಮಾಡಲಿ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ? ರಸ್ತೆಯಲ್ಲೂ ಹಾಗೇ ಓಡಿಸುತ್ತೀಯಾ?" ಎಂದು ಕೇಳಿದವರಿದ್ದಾರೆ. ಕಳೆದ ಮಳೆಗಾಲದಲ್ಲಿ ಒಂದು ಇಳಿಜಾರಿನ ತಿರುವಿನಲ್ಲಿ ಕಾರಿನ ಮೂತಿ ನಾನು ಹೇಳಿದ ಕಡೆ ತಿರುಗದೆ ನೇರವಾಗಿ ಹೋಗತೊಡಗಿತು. ರಸ್ತೆಯ ಮೇಲೆ ಕೆಸರು ಹರಿದಿತ್ತು. ಹಿಂದಿನ ನಾನಾಗಿದ್ದರೆ ಸ್ಟಿಯರಿಂಗನ್ನು ಇನ್ನಷ್ಟು ತಿರುಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮುಂದಿನ ಚಕ್ರ ಎಳೆಯುವ ಗಾಡಿ ಹಾಗೆ ಜಾರಿದಾಗ ಆಕ್ಸಿಲರೇಟರ್ ಬಿಟ್ಟು, ತಿರುವನ್ನು ಕೊಂಚ ಸಡಿಲಿಸಿ, ಟೈರು ಮತ್ತೆ ನೆಲ ಹಿಡಿಯಲು ಬಿಡಬೇಕೆಂದು ಗದ್ದೆಯಲ್ಲಿ ಕಲಿತಿದ್ದೆ. ಅಲ್ಲಿ ನಾಲ್ಕು ಸಲ ತಪ್ಪಿ ಐದನೇ ಸಲ ಬಂದದ್ದು ಇಲ್ಲಿ ಒಂದೇ ಸಲಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಬಸ್ಸು ತಪ್ಪಿಸಿಕೊಂಡ ಎಂಟನೇ ತರಗತಿಯ ಇಬ್ಬರು ಹುಡುಗಿಯರಿದ್ದರು. ಅವರಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ. ಒಬ್ಬಳು ಮಾತು ಮುಂದುವರಿಸಿದಳು. ನನಗೆ ಮಾತ್ರ ಶಾಲೆ ತಲುಪುವವರೆಗೆ ಕೈ ನಡುಗುತ್ತಿತ್ತು. ಡ್ರೈವಿಂಗ್ ಶಾಲೆಯಲ್ಲಿ ಎಂಟರ ಆಕಾರ ಬರೆಸಿದರೇ ಹೊರತು ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡುಹುಡುಗರು ಅಪ್ಪನ ಕಾರು ಕದ್ದು, ಮಣ್ಣಿನ ರಸ್ತೆಯಲ್ಲಿ ಜಾರಿಸಿ ಕಲಿತುಬಿಡುತ್ತಾರೆ. ನಮ್ಮ ಹುಡುಗಿಯರು ಎಲ್ಲಿ ಕಲಿಯಬೇಕು, ಹೇಳಿ?

ಹಾಗೆಂದು ಕಷ್ಟ ಮುಚ್ಚಿಡುವುದಿಲ್ಲ. ನಮ್ಮ ಕಾರಿನ ವಿಮೆಯ ಕಾಗದದ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಸಂಘಟಿತ ಓಟದ ಸ್ಪರ್ಧೆ, ವೇಗ ಪರೀಕ್ಷೆ ಇವೆಲ್ಲ ಅದರ ಹೊರಗೆ. ಗದ್ದೆಯಲ್ಲಿ ಬಂಪರ್ ಮುರಿದರೆ ಖರ್ಚು ನನ್ನದೇ. ಅದಕ್ಕೆ ಚೀಟಿ ಹಣದಲ್ಲಿ ಒಂದಿಷ್ಟು ಎತ್ತಿಟ್ಟಿದ್ದೇನೆ. ಸೈಲೆನ್ಸರ್ ಬದಲಿಸು, ಸ್ಪ್ರಿಂಗ್ ಕತ್ತರಿಸು ಎನ್ನುವವರ ಮಾತಿಗೂ ಕಿವಿಗೊಟ್ಟಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೆ ಅಡ್ಡ ನಿಲ್ಲುತ್ತದೆ. ಅಲ್ಲದೆ ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಶಾಲೆಯ ಗೇಟಿನೊಳಗೆ ಗುಡುಗುತ್ತಾ ಹೋಗುವ ಉಮೇದು ನನಗಿಲ್ಲ.

ಮಹಿಳಾ ವಿಭಾಗ ಬೇಕೇ ಎಂದು ಕೆಲವರು ಚರ್ಚೆ ಮಾಡುತ್ತಾರೆ. ಗಡಿಯಾರಕ್ಕೆ ಗಂಡು ಹೆಣ್ಣಿಲ್ಲ, ನಿಜ. ಫ್ರಾನ್ಸಿನ ಮಿಶೆಲ್ ಮೂಟಾನ್ 1981ರಲ್ಲಿ ಸ್ಯಾನ್ ರೆಮೊದಲ್ಲಿ ವಿಶ್ವ ರ‍್ಯಾಲಿಯ ಸುತ್ತು ಗೆದ್ದದ್ದು, ಮರುವರ್ಷ ಇನ್ನೂ ಮೂರು ಗೆದ್ದು ಇಡೀ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವಳಾದದ್ದು ಗಂಡಸರ ಎದುರಿಗೇ. ಆದರೆ ಆ ವಿಭಾಗ ಇಲ್ಲದಿದ್ದರೆ ಅಂದು ಅಕ್ಕನ ಮಗ ನನ್ನ ಹೆಸರು ಕೊಡುತ್ತಿರಲಿಲ್ಲ, ನಾನು ಹಗ್ಗದ ಆಚೆಯೇ ಪುಳಿಯೋಗರೆ ತಿನ್ನುತ್ತಾ ಕೂತಿರುತ್ತಿದ್ದೆ. ಸದ್ಯಕ್ಕೆ ಇರಲಿ ಬಿಡಿ. ಈ ಸಲ ಎರಡರಲ್ಲೂ ಹೆಸರು ಕೊಟ್ಟಿದ್ದೇನೆ. ಅರ್ಜಿಯಲ್ಲಿ ವಾಹನದ ಮಾಲೀಕರು ಎಂಬ ಜಾಗದಲ್ಲಿ ನನ್ನ ಹೆಸರು, ಚಾಲಕರು ಎಂಬಲ್ಲೂ ನನ್ನದೇ. ಸಹೋದ್ಯೋಗಿಯನ್ನೂ ಜೊತೆಗೆ ಕರೆದಿದ್ದೇನೆ. ನೋಡಲು ಮಾತ್ರ ಬರುತ್ತೇನೆ ಎಂದಿದ್ದಾಳೆ.

ಭಾನುವಾರದೊಳಗೆ ಕಾರನ್ನು ಖಾಲಿ ಮಾಡಬೇಕು. ಒಳಗೆ ಸಡಿಲವಾದದ್ದು ಒಂದೂ ಇರಬಾರದೆಂದು ನಿಯಮ. ಕೊಡೆ, ನೀರಿನ ಬಾಟಲಿ, ಯಜಮಾನರ ಮರೆತ ಟೋಪಿ, ಹತ್ತನೇ ತರಗತಿಯ ಉತ್ತರ ಪತ್ರಿಕೆಯ ಕಟ್ಟು. ಕಟ್ಟಿನಲ್ಲಿ ಇನ್ನೂ ಅರ್ಧ ತಿದ್ದುವುದು ಬಾಕಿ ಇದೆ.