ಮನೆ ಹೋಯ್ತು, ಸಾಲ ಹೋಗಲಿಲ್ಲ



ಅರಸೀಕೆರೆಯ ಕೊಬ್ಬರಿ ಬೆಳೆಗಾರನನ್ನು ಕೇಳಿ, ಹಳೇಬೀಡಿನ ಆಲೂಗಡ್ಡೆ ಬೆಳೆಗಾರನನ್ನು ಕೇಳಿ, ಬೇಲೂರಿನ ಸಣ್ಣ ಕಾಫಿ ಬೆಳೆಗಾರನನ್ನು ಕೇಳಿ. ಬ್ಯಾಂಕಿನವರು ಮನೆ ಹರಾಜು ಹಾಕಿದರೆ ಸಾಲ ಏನಾಗುತ್ತೆ? "ಇನ್ನೇನು, ಮನೆ ಹೋಯ್ತು, ಸಾಲ ತೀರ್ತು" ಅಂತಾರೆ. ತೀರಲಿಲ್ಲ ಸ್ವಾಮಿ!

2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು 60 ದಿನದ ನೋಟಿಸು ಕೊಟ್ಟು, ಕೋರ್ಟಿನ ಡಿಕ್ರಿಯೇ ಇಲ್ಲದೆ, ಅಡವಿಟ್ಟ ಮನೆಯನ್ನು ವಶಕ್ಕೆ ತೆಗೆದುಕೊಂಡು ಮಾರಬಹುದು. ಬಂದ ಹಣ ಸಾಲದೇ ಹೋದರೆ, ಅದೇ ಕಾಯಿದೆಯ 13(10)ನೇ ಕಲಮಿನಂತೆ ಉಳಿದ ಬಾಕಿಗೆ ಮತ್ತೆ ದಾವೆ ಹೂಡಬಹುದು. ಲೆಕ್ಕಕ್ಕೆ ಹೇಳುವುದಾದರೆ: ಅಸಲು ಬಡ್ಡಿ ಸೇರಿ 14 ಲಕ್ಷ. ಮನೆ 9 ಲಕ್ಷಕ್ಕೆ ಹೋಯಿತು. ನೋಟಿಸು, ಜಾಹೀರಾತು, ಹರಾಜು ಅಂತ 50 ಸಾವಿರ ಖರ್ಚು, ಅದೂ ನಿಮ್ಮ ತಲೆಗೇ. ಮನೆ ಕಳೆದುಕೊಂಡವನು ಇನ್ನೂ ಐದೂವರೆ ಲಕ್ಷದ ಸಾಲಗಾರ! ಅವನಿಂದ ಹುಟ್ಟದಿದ್ದರೆ ಜಾಮೀನು ಹಾಕಿದ ಭಾವಮೈದುನನ ಬಾಗಿಲಿಗೆ ಬರುತ್ತಾರೆ. ಹರಾಜಿಗೆ ಮುಂಚೆಯೇ ಜಾಮೀನುದಾರನ ಮೇಲೆ ಹೋಗಲೂ ಕಾಯಿದೆಯಲ್ಲಿ ಅವಕಾಶವಿದೆ.

ಇಲ್ಲಿ ಒಂದು ಪ್ರಶ್ನೆ. ಸಾಲ ಕೊಡುವಾಗ ಮನೆಗೆ ಬೆಲೆ ಕಟ್ಟಿದವರು ಯಾರು? ಬ್ಯಾಂಕು ಒಪ್ಪಿದ ವ್ಯಾಲ್ಯುಯೇಟರು. ಮಾರುವಾಗ ಕನಿಷ್ಠ ಬೆಲೆ ಗೊತ್ತುಮಾಡಿದವರು ಯಾರು? ಬ್ಯಾಂಕೇ. ಎರಡು ಸಲವೂ ತಕ್ಕಡಿ ಹಿಡಿದವರು ಅವರು, ತೂಕ ಕಮ್ಮಿ ಬಂದರೆ ದಂಡ ತೆರುವವನು ರೈತ. ಕೊಬ್ಬರಿ ಮಂಡಿಯಲ್ಲಿ ನೋಡಿದ ಆಟವೇ ಇದು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಅಂತ ಸಾರಿದರು, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಆ ನಷ್ಟಕ್ಕೆ ಯಾವ ಬ್ಯಾಂಕಾದರೂ ಕಂತು ಇಳಿಸಿತೇ?

ಬೇಸಾಯದ ಜಮೀನಿಗೆ ಸರ್ಫೇಸಿ ಅನ್ವಯಿಸದು ಎಂದು 31ನೇ ಕಲಮು ಹೇಳುತ್ತೆ. ಸರಿ, ಆ ಜಮೀನಿನಲ್ಲಿ ದುಡಿದು ಬಂದು ಮಲಗುವ ಊರೊಳಗಿನ ಮನೆಗೆ? ಆ ರಕ್ಷಣೆ ಇಲ್ಲ. (ಕಾಫಿ ತೋಟ ಬೇಸಾಯದ ಜಮೀನೇ ಅಲ್ಲವೇ ಎಂಬ ತಕರಾರಿನಲ್ಲಿ ನಮ್ಮ ಮಲೆನಾಡಿನ ಬೆಳೆಗಾರರು ಪಟ್ಟ ಪಾಡು ಬೇರೆಯೇ ಕತೆ.)

ದೊಡ್ಡ ಕಂಪನಿ ಮುಳುಗಿದರೆ ಮಾತೇ ಬೇರೆ. 2016ರ ದಿವಾಳಿ ಸಂಹಿತೆಯಲ್ಲಿ ಬ್ಯಾಂಕುಗಳು ಸಿಕ್ಕಷ್ಟು ತಗೊಂಡು ಉಳಿದದ್ದನ್ನು ಬಿಡುತ್ತವೆ. ಅದಕ್ಕೆ 'ಹೇರ್‌ಕಟ್' ಅಂತ ಹೆಸರು. ಅವರಿಗೆ ಕ್ಷೌರ, ನಮಗೆ ತಲೆಯೇ! ಸಾಮಾನ್ಯ ಜನರ ದಿವಾಳಿಗೂ ಅದೇ ಸಂಹಿತೆಯಲ್ಲಿ ಒಂದು ಭಾಗ ಬರೆದಿದ್ದಾರೆ, ಜಾರಿಗೆ ಮಾತ್ರ ತಂದಿಲ್ಲ. ಬಂಡವಾಳಶಾಹಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೇ, 1933ರಷ್ಟು ಹಿಂದೆ, ಮಹಾ ಕುಸಿತದ ಕಾಲದಲ್ಲಿ ಇಂಥ ಬಾಕಿ ವಸೂಲಿಗೆ ಕಾನೂನಿನ ಕಡಿವಾಣ ಬಿತ್ತು. ಅವರಿಗೆ ತಿಳಿದದ್ದು ದೆಹಲಿಗೆ ಯಾಕೆ ತಿಳಿಯದು? ವಾಸದ ಮನೆ ತೆಗೆದುಕೊಂಡರೆ ಬಾಕಿ ವಜಾ ಆಗಬೇಕು, ಜಾಮೀನುದಾರನೂ ಬಿಡುಗಡೆಯಾಗಬೇಕು. ನಮ್ಮ ಬೇಡಿಕೆ ಇಷ್ಟೇ.

ಅಲ್ಲಿಯವರೆಗೆ ನೋಟಿಸು ಬಂದರೆ ಅಟ್ಟಕ್ಕೆ ಎಸೀಬೇಡಿ. ಬರೆದು ಆಕ್ಷೇಪಣೆ ಕೊಡಿ, ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಲೇಬೇಕು. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಅದಿರುವುದು ಬೆಂಗಳೂರಿನಲ್ಲಿ, ಬಸ್ ಚಾರ್ಜು ನಮ್ಮದೇ. ಹರಾಜಾದ ಮೇಲೆ ಪೈಸೆ ಪೈಸೆಯ ಲೆಕ್ಕ ಕೇಳಿ. ಸಾಲ ತೀರಿ ಮಿಕ್ಕಿದ್ದರೆ ಅದು ನಿಮ್ಮ ದುಡ್ಡು. ಬಾಕಿಗೆ ಡಿಕ್ರಿ ಆದರೂ ಬೇಸಾಯಗಾರನ ಉಪಕರಣ, ಬೇಸಾಯಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ ಜಪ್ತಿ ಮಾಡುವ ಹಾಗಿಲ್ಲ: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, 60ನೇ ಕಲಮು. "ಜೈಲಿಗೆ ಹಾಕಿಸ್ತೀವಿ" ಅಂತ ವಸೂಲಿಯವನು ಹೆದರಿಸಿದರೆ, ಕೊಡಲು ಇಲ್ಲದ ಬಡವನನ್ನು ಬರೀ ಸಾಲಕ್ಕೆ ಸೆರೆಗೆ ಹಾಕಬಾರದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ ಅನ್ನಿ. ಅವನು ಬರುವ ದಿನ ಒಬ್ಬರೇ ಕೂತಿರಬೇಡಿ, ನಾಲ್ಕು ಜನರನ್ನು ಜಗಲಿಗೆ ಕರೆಯಿರಿ.